ದತ್ತಿಯ ಹಣ: ಅದರ ಹುಟ್ಟು, ಅದರ ನಡೆ, ಅದರಲ್ಲಿ ನಮ್ಮ ಪಾಲು



ದತ್ತಿ ಎಂಬ ಮಾತು ನಮಗೆ ಹೊಸದಲ್ಲ. ಕೆರೆಯ ಏರಿಯ ಮೇಲೆ, ದೇವಸ್ಥಾನದ ಅಂಗಳದಲ್ಲಿ ನಿಂತಿರುವ ಶಾಸನದ ಕಲ್ಲುಗಳನ್ನು ನೀವು ನೋಡಿದ್ದೀರಿ. ಹಿಂದಿನ ಕಾಲದಲ್ಲಿ ಕೆರೆ ಕಟ್ಟಿಸಿದ ಪುಣ್ಯವಂತರಲ್ಲಿ ಅನೇಕರು ಕೆರೆಯನ್ನು ಕಟ್ಟಿಸಿ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಹೂಳೆತ್ತುವುದಕ್ಕೆ, ಏರಿಯನ್ನು ಭದ್ರಪಡಿಸುವುದಕ್ಕೆ, ತೂಬನ್ನು ಕಾಯುವುದಕ್ಕೆ ಇಷ್ಟು ಗದ್ದೆ ಎಂದು ಅದೇ ಕೆರೆಯ ಕೆಳಗೆ ಬಿಟ್ಟುಕೊಟ್ಟರು. ಅದಕ್ಕೆ ಕಟ್ಟುಕೊಡಗೆ, ಕೆರೆಗೊಡಗೆ ಎಂಬ ಹೆಸರುಗಳಿದ್ದವು. ಗದ್ದೆ ಹಾಗೆಯೇ ಉಳಿಯಬೇಕು, ಅದರ ಬೆಳೆಯಿಂದ ಕೆರೆ ಉಳಿಯಬೇಕು ಎಂಬುದು ಅದರ ಒಳಗುಟ್ಟು.

ಇಂದಿನ ಕಾಲದಲ್ಲಿ ಇದೇ ಕೆಲಸವನ್ನು ಬೇರೆ ರೂಪದಲ್ಲಿ ನಡೆಸುವ ಸಂಸ್ಥೆಗಳಿವೆ. ಒಂದು ಶ್ರೀಮಂತ ಕುಟುಂಬ ತನ್ನ ಆಸ್ತಿಯ ಒಂದು ಭಾಗವನ್ನು ಬೇರೆ ತೆಗೆದಿರಿಸುತ್ತದೆ. ಅದನ್ನು ನೋಡಿಕೊಳ್ಳಲು ಧರ್ಮದರ್ಶಿಗಳ ಮಂಡಳಿಯೊಂದನ್ನು ನೇಮಿಸುತ್ತದೆ. ಅದರ ಹುಟ್ಟುವಳಿಯಿಂದ ಆಸ್ಪತ್ರೆ, ಶಾಲೆ, ಸಂಶೋಧನೆ ಮೊದಲಾದ ಕೆಲಸಗಳಿಗೆ ಸಹಾಯಧನ ಕೊಡುತ್ತದೆ. ಇಂತಹ ಸಂಸ್ಥೆಗೆ ಪ್ರತಿಷ್ಠಾನ ಎಂದು ಹೆಸರು. ಟಾಟಾ ಮನೆತನದವರು ನಮ್ಮ ದೇಶದಲ್ಲಿ ಇಂತಹ ದತ್ತಿಗಳನ್ನು 1892ರಿಂದಲೂ ಸ್ಥಾಪಿಸುತ್ತ ಬಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿದ್ದು ಜಮಶೇಟಜಿ ಟಾಟಾ ಅವರ ದಾನ ಮತ್ತು ಮೈಸೂರು ಸಂಸ್ಥಾನ ಕೊಟ್ಟ ಭೂಮಿ ಎರಡೂ ಸೇರಿ.

ಈ ಪಾಠದಲ್ಲಿ ನಾವು ನೋಡುವುದು ಅಮೆರಿಕದ ಒಂದು ಪ್ರತಿಷ್ಠಾನವನ್ನು: ರಾಕ್‌ಫೆಲ್ಲರ್ ಪ್ರತಿಷ್ಠಾನ. ಅಷ್ಟು ದೂರದ್ದನ್ನು ಏಕೆ ಆರಿಸಿದಿರಿ ಎಂದು ನೀವು ಕೇಳಬಹುದು. ನಮ್ಮ ಗದ್ದೆಯ ಗಿಡ್ಡ ತಳಿಯ ಭತ್ತಕ್ಕೂ ಮಲೆನಾಡಿನ ಮಂಗನ ಕಾಯಿಲೆಯ ವಿಷಯ ಬೆಳಕಿಗೆ ಬಂದುದಕ್ಕೂ ಆ ಹಣದ ಸಂಬಂಧವಿದೆ. ಇಂತಹ ಹಣ ಏನು ಮಾಡಬಲ್ಲುದು, ಏನು ಮಾಡಲಾರದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ಸಿಗುವುದು ಕಷ್ಟ.

ಹಣ ಕೂಡಿದ ಬಗೆ

ಜಾನ್ ಡಿ. ರಾಕ್‌ಫೆಲ್ಲರ್ 1839ರಲ್ಲಿ ಹುಟ್ಟಿದವರು. ಹದಿನಾರನೆಯ ವಯಸ್ಸಿನಲ್ಲಿ, 1855ರಲ್ಲಿ, ಒಂದು ವ್ಯಾಪಾರದ ಮಳಿಗೆಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರು. ಆ ದಿನಗಳಿಂದಲೇ ಅವರು ತಮ್ಮ ಸ್ವಂತದ ಒಂದು ಲೆಕ್ಕದ ಪುಸ್ತಕವನ್ನು ಇಟ್ಟಿದ್ದರು. ಬಂದ ಸಂಬಳ, ಆದ ಖರ್ಚು, ಕೊಟ್ಟ ಧರ್ಮ ಮೂರನ್ನೂ ಅದರಲ್ಲಿ ಬಿಡದೆ ಬರೆಯುತ್ತಿದ್ದರು. ಮುಂದೆ ಅವರು ಕಲ್ಲೆಣ್ಣೆ, ಎಂದರೆ ಸೀಮೆಎಣ್ಣೆ ಮೊದಲಾದುವನ್ನು ತೆಗೆಯುವ ಭೂಗರ್ಭದ ಎಣ್ಣೆಯ, ವ್ಯಾಪಾರಕ್ಕೆ ಇಳಿದರು. 1870ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯನ್ನು ಸ್ಥಾಪಿಸಿದರು. ಎದುರಾಳಿಗಳನ್ನು ಒಬ್ಬೊಬ್ಬರನ್ನಾಗಿ ಕೊಂಡೋ ಬಗ್ಗಿಸಿಯೋ ಅಮೆರಿಕದ ಎಣ್ಣೆಯ ವ್ಯಾಪಾರವನ್ನು ಬಹುಪಾಲು ತಮ್ಮ ಮುಷ್ಟಿಗೆ ತೆಗೆದುಕೊಂಡರು. ಪೇಟೆಯಲ್ಲಿ ಕೊಳ್ಳುವವನು ಒಬ್ಬನೇ ಆದರೆ ಬೆಳೆದವನ ಗತಿ ಏನಾಗುತ್ತದೆ ಎಂದು ನಿಮಗೆ ಹೇಳಿಕೊಡಬೇಕಾಗಿಲ್ಲ. 1911ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯ ಈ ಕಂಪನಿಯನ್ನು ಹಲವು ಕಂಪನಿಗಳಾಗಿ ಒಡೆಯಬೇಕೆಂದು ತೀರ್ಪು ಕೊಟ್ಟಿತು.

ಇಷ್ಟು ಹಣ ಬಂದ ಮೇಲೆ ಸಹಾಯ ಕೇಳಿ ಬರುವ ಪತ್ರಗಳೂ ರಾಶಿ ರಾಶಿಯಾಗಿ ಬಂದವು. ಒಬ್ಬೊಬ್ಬರಿಗೆ ಹತ್ತು ರೂಪಾಯಿ ಇಪ್ಪತ್ತು ರೂಪಾಯಿ ಹಂಚುತ್ತ ಹೋದರೆ ಕೊಟ್ಟವನಿಗೂ ತೃಪ್ತಿಯಿಲ್ಲ, ಕಷ್ಟದ ಬೇರೂ ಕೀಳಲಿಲ್ಲ. ಆಗ ಅವರು ಫ್ರೆಡರಿಕ್ ಗೇಟ್ಸ್ ಎಂಬ ಪಾದ್ರಿಯೊಬ್ಬರನ್ನು ದಾನದ ಕೆಲಸಕ್ಕಾಗಿಯೇ ಇಟ್ಟುಕೊಂಡರು. ಗೇಟ್ಸ್ ಅವರ ವಿಚಾರ ಹೀಗಿತ್ತು: ರೋಗಿಗೆ ಗುಳಿಗೆ ಕೊಡುವುದಕ್ಕಿಂತ ರೋಗದ ಮೂಲವನ್ನು ಹುಡುಕುವವರಿಗೆ ಹಣ ಕೊಡಬೇಕು. ನಾವು ಒಂದೊಂದು ಎಲೆಯ ಹುಳುವನ್ನು ಹೆಕ್ಕುವುದಕ್ಕೂ ಹುಳು ಮೊಟ್ಟೆಯಿಡುವ ಕಾಲ ತಿಳಿದು ತಡೆಯುವುದಕ್ಕೂ ಇರುವಷ್ಟೇ ವ್ಯತ್ಯಾಸವಿದು.

ಈ ವಿಚಾರದ ಮೇಲೆ 1901ರಲ್ಲಿ ವೈದ್ಯ ಸಂಶೋಧನೆಯ ಒಂದು ಸಂಸ್ಥೆಯೂ, 1909ರಲ್ಲಿ ಕೊಕ್ಕೆಹುಳುವಿನ ನಿರ್ಮೂಲಕ್ಕಾಗಿ ಒಂದು ಆಯೋಗವೂ ಹುಟ್ಟಿದವು. 1913ರ ಮೇ 14ರಂದು ನ್ಯೂಯಾರ್ಕ್ ರಾಜ್ಯದ ಕಾನೂನಿನ ಪ್ರಕಾರ ರಾಕ್‌ಫೆಲ್ಲರ್ ಪ್ರತಿಷ್ಠಾನ ಸ್ಥಾಪನೆಯಾಯಿತು. ಮೊದಲ ಎರಡು ವರ್ಷಗಳಲ್ಲಿ ಅದಕ್ಕೆ ಬಂದ ಮೂಲಧನ 10 ಕೋಟಿ ಡಾಲರ್.

ಕಣಜ ಬರಿದಾಗದ ಗುಟ್ಟು

ಈ ಹಣದ ನಡೆಯನ್ನು ನಮ್ಮ ಲೆಕ್ಕದಲ್ಲಿಯೇ ತಿಳಿಯೋಣ. ಊರಿನ ಶಾಲೆಗೆಂದು ಒಬ್ಬ ದೊಡ್ಡ ಮನುಷ್ಯ ಎರಡು ಎಕರೆ ತೋಟ ಬಿಟ್ಟಿದ್ದಾನೆಂದು ಇಟ್ಟುಕೊಳ್ಳಿ. ತೋಟವನ್ನು ಮಾರಿದರೆ ಒಂದೇ ಸಲ ದೊಡ್ಡ ಕಟ್ಟಡ ಏಳುತ್ತದೆ. ಮರುವರ್ಷ ಸುಣ್ಣ ಬಳಿಯಲು ಕಾಸಿರುವುದಿಲ್ಲ. ತೋಟವನ್ನು ಉಳಿಸಿಕೊಂಡು ಫಸಲನ್ನು ಮಾತ್ರ ಬಳಸಿದರೆ ಕೆಲಸ ಸಣ್ಣದಾಗಿ ಕಂಡರೂ ಮೊಮ್ಮಕ್ಕಳ ಕಾಲದವರೆಗೂ ನಡೆಯುತ್ತದೆ. ಫಸಲನ್ನೂ ಪೂರ್ತಿಯಾಗಿ ಬಳಸುವಂತಿಲ್ಲ. ಸತ್ತ ಗಿಡದ ಜಾಗದಲ್ಲಿ ಹೊಸ ಗಿಡ ಇಡಲು, ಬೇಲಿ ಕಟ್ಟಲು ಒಂದು ಪಾಲು ಹಿಂದಕ್ಕೆ ಹೋಗಬೇಕು.

ಪ್ರತಿಷ್ಠಾನದ ಮೂಲಧನ ಈ ತೋಟವಿದ್ದಂತೆ. ಅದನ್ನು ಕಂಪನಿಗಳ ಷೇರು, ಸಾಲಪತ್ರ ಮೊದಲಾದವುಗಳಲ್ಲಿ ತೊಡಗಿಸುತ್ತಾರೆ. ನೂರು ರೂಪಾಯಿಗೆ ವರ್ಷದಲ್ಲಿ ಏಳೋ ಎಂಟೋ ರೂಪಾಯಿ ಹುಟ್ಟಿದರೆ ಐದು ರೂಪಾಯಿಯನ್ನು ಹೊರಗೆ ಕೊಟ್ಟು ಉಳಿದುದನ್ನು ಮೂಲಧನಕ್ಕೆ ಸೇರಿಸುತ್ತಾರೆ. ಬೆಲೆಗಳು ಏರುತ್ತ ಹೋಗುವುದರಿಂದ ಹೀಗೆ ಸೇರಿಸದಿದ್ದರೆ ಮೂಲಧನ ಹೆಸರಿಗೆ ಅಷ್ಟೇ ಇದ್ದರೂ ಬೆಲೆಯಲ್ಲಿ ಸವೆಯುತ್ತದೆ. ಆದರೆ ಕೊಡದೆ ಕೂಡಿಡುತ್ತ ಹೋಗುವುದಕ್ಕೂ ಕಾನೂನು ಬಿಡುವುದಿಲ್ಲ. ಅಮೆರಿಕದಲ್ಲಿ 1969ರ ತೆರಿಗೆ ಕಾಯಿದೆಯೂ ಅದರ ತಿದ್ದುಪಡಿಗಳೂ ಇದಕ್ಕೆ ಕಟ್ಟು ಹಾಕಿವೆ. ಇಂತಹ ಪ್ರತಿಷ್ಠಾನಗಳು ತಮ್ಮ ಆಸ್ತಿಯ ಬೆಲೆಯಲ್ಲಿ ವರ್ಷಕ್ಕೆ ಸುಮಾರು ನೂರಕ್ಕೆ ಐದರಷ್ಟನ್ನಾದರೂ ಧರ್ಮಕಾರ್ಯಕ್ಕೆ ಖರ್ಚು ಮಾಡಲೇಬೇಕು. ತೆರಿಗೆಯಲ್ಲಿ ರಿಯಾಯಿತಿ ಪಡೆದ ಹಣ ಜನರ ಕೆಲಸಕ್ಕೆ ಬರಲಿ ಎಂಬುದು ಇದರ ಉದ್ದೇಶ. ನೂರಕ್ಕಿಂತ ಹೆಚ್ಚು ವರ್ಷ ಕೊಡುತ್ತ ಬಂದರೂ ರಾಕ್‌ಫೆಲ್ಲರ್ ಪ್ರತಿಷ್ಠಾನದ ಕಣಜ ಬರಿದಾಗದೆ ಬೆಳೆದಿರುವುದಕ್ಕೆ ಈ ನಡವಳಿಕೆಯೇ ಕಾರಣ.

ಯಾರಿಗೆ ಕೊಡಬೇಕು ಎಂಬುದನ್ನು ಧರ್ಮದರ್ಶಿಗಳ ಮಂಡಳಿ ತೀರ್ಮಾನಿಸುತ್ತದೆ. ಮೊದಮೊದಲು ಈ ಮಂಡಳಿಯಲ್ಲಿ ಮನೆಯವರದೇ ಕೈ ಮೇಲಾಗಿತ್ತು. ರಾಕ್‌ಫೆಲ್ಲರ್ ಅವರ ಮಗನೇ ಪ್ರತಿಷ್ಠಾನದ ಮೊದಲ ಅಧ್ಯಕ್ಷ. ಕಾಲಕ್ರಮದಲ್ಲಿ ಹೊರಗಿನವರ ಸಂಖ್ಯೆ ಹೆಚ್ಚಿತು. ಮಂಡಳಿಯ ಕೆಳಗೆ ಆಯಾ ವಿಷಯ ಬಲ್ಲ ಅಧಿಕಾರಿಗಳಿರುತ್ತಾರೆ. ಅವರು ಅರ್ಜಿಗಳನ್ನು ಓದಿ, ಸ್ಥಳಕ್ಕೆ ಹೋಗಿ ನೋಡಿ, ಶಿಫಾರಸು ಮಾಡುತ್ತಾರೆ. ಸಹಾಯಧನ ಸಾಮಾನ್ಯವಾಗಿ ಇಷ್ಟು ಕೆಲಸಕ್ಕೆ, ಇಷ್ಟು ವರ್ಷಕ್ಕೆ, ಇಷ್ಟು ಕಂತಿನಲ್ಲಿ ಎಂದು ಗೊತ್ತಾಗಿರುತ್ತದೆ. ಒಂದು ಕಂತಿನ ಲೆಕ್ಕ ಒಪ್ಪಿಸಿದ ಮೇಲೆ ಮುಂದಿನ ಕಂತು ಬರುತ್ತದೆ.

ಜನರ ಅನುಮಾನ

ಕೊಡುವವರೆಲ್ಲರನ್ನೂ ಜನ ಕೈಮುಗಿದು ಬರಮಾಡಿಕೊಂಡರು ಎಂದು ತಿಳಿಯಬಾರದು. ರಾಕ್‌ಫೆಲ್ಲರ್ ಅವರು ಮೊದಲು ಅಮೆರಿಕದ ಕೇಂದ್ರ ಶಾಸನಸಭೆಯಿಂದಲೇ ಒಪ್ಪಿಗೆ ಪಡೆಯಬೇಕೆಂದು 1910ರಿಂದ ಪ್ರಯತ್ನಿಸಿದರು. ಅದು ಸಿಗಲಿಲ್ಲ. ಜನರಿಂದ ಸುಲಿದ ಹಣದಲ್ಲಿ ಧರ್ಮಿಷ್ಠನೆನ್ನಿಸಿಕೊಳ್ಳುವ ಉಪಾಯವಿದು ಎಂದು ಅನೇಕರು ಬಹಿರಂಗವಾಗಿ ಹೇಳಿದರು.

ಪ್ರತಿಷ್ಠಾನ ಹುಟ್ಟಿ ಒಂದು ವರ್ಷ ತುಂಬುವುದರೊಳಗೆ ಈ ಅನುಮಾನಕ್ಕೆ ಬಲವಾದ ಕಾರಣವೂ ಒದಗಿತು. ಕೊಲೊರಾಡೊ ಎಂಬ ರಾಜ್ಯದಲ್ಲಿ ಈ ಕುಟುಂಬದ ಹಿಡಿತದಲ್ಲಿದ್ದ ಕಲ್ಲಿದ್ದಲ ಗಣಿಗಳ ಕೂಲಿಗಳು ಮುಷ್ಕರ ಹೂಡಿದ್ದರು. ಕಂಪನಿಯ ಮನೆಗಳನ್ನು ಬಿಟ್ಟು ಲಡ್ಲೊ ಎಂಬಲ್ಲಿ ಡೇರೆಗಳಲ್ಲಿ ಹೆಂಡಿರು ಮಕ್ಕಳೊಡನೆ ವಾಸವಾಗಿದ್ದರು. 1914ರ ಏಪ್ರಿಲ್ 20ರಂದು ರಾಜ್ಯದ ಸೈನಿಕರೂ ಕಂಪನಿಯ ಕಾವಲುಗಾರರೂ ಆ ಡೇರೆಗಳ ಮೇಲೆ ಬಿದ್ದರು. ಗುಂಡಿಗೂ ಬೆಂಕಿಗೂ ಸಿಕ್ಕಿ ಸುಮಾರು ಇಪ್ಪತ್ತು ಮಂದಿ ಸತ್ತರು. ಅವರಲ್ಲಿ ಹನ್ನೊಂದು ಮಕ್ಕಳು. ಸರಕಾರದ ಆಯೋಗದ ಮುಂದೆ ರಾಕ್‌ಫೆಲ್ಲರ್ ಅವರ ಮಗ ಉತ್ತರ ಹೇಳಬೇಕಾಯಿತು. ಜಗತ್ತಿನ ಜನರ ಒಳಿತಿಗೆ ಹಣ ಕೊಡುವ ಮನೆತನ ತನ್ನ ಗಣಿಯ ಕೂಲಿಯವನ ಮಗುವಿಗೆ ಏನು ಕೊಟ್ಟಿತು ಎಂಬ ಪ್ರಶ್ನೆಯನ್ನು ಆ ದೇಶದ ಜನ ಕೇಳಿದರು. ನಾವೂ ಕೇಳತಕ್ಕ ಪ್ರಶ್ನೆಯೇ ಇದು. ದಾನ ದೊಡ್ಡದೆಂಬ ಕಾರಣಕ್ಕೆ ಕೂಲಿಯ ಲೆಕ್ಕ ಮುಚ್ಚಿಹೋಗಬಾರದು. ಕೂಲಿಯ ಲೆಕ್ಕದಲ್ಲಿ ತಪ್ಪಿದೆಯೆಂದು ದಾನದಿಂದ ಆದ ಒಳ್ಳೆಯದನ್ನು ಇಲ್ಲವೆನ್ನುವುದೂ ಸರಿಯಲ್ಲ. ಎರಡನ್ನೂ ಬೇರೆ ಬೇರೆಯಾಗಿ ಬರೆದು ನೋಡಬೇಕು.

ಕೊಕ್ಕೆಹುಳುವಿನಿಂದ ಕಲಿತ ಪಾಠ

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಬಡ ಬೇಸಾಯಗಾರರು ಸದಾ ಸುಸ್ತಾಗಿರುತ್ತಿದ್ದರು. ಸೋಮಾರಿಗಳು ಎಂದು ಉಳಿದವರು ಅವರನ್ನು ಹಳಿಯುತ್ತಿದ್ದರು. ಪರೀಕ್ಷಿಸಿ ನೋಡಿದಾಗ ಅಲ್ಲಿನ ಶಾಲೆಯ ಮಕ್ಕಳಲ್ಲಿ ನೂರಕ್ಕೆ ಸುಮಾರು ನಲವತ್ತು ಮಂದಿಯ ಹೊಟ್ಟೆಯಲ್ಲಿ ಕೊಕ್ಕೆಹುಳುವಿತ್ತು. ಬಯಲಿನಲ್ಲಿ ಮಲವಿಸರ್ಜನೆ ಮಾಡಿದಲ್ಲಿ ಮಣ್ಣಿನೊಳಗೆ ಮರಿಯಾಗುವ ಈ ಹುಳು ಬರಿಗಾಲಿನ ಚರ್ಮದ ಮೂಲಕ ದೇಹಕ್ಕೆ ಸೇರಿ ಕರುಳಿನಲ್ಲಿ ರಕ್ತ ಹೀರುತ್ತದೆ. ಮೈಯಲ್ಲಿ ರಕ್ತವಿಲ್ಲದವನು ನೇಗಿಲು ಹಿಡಿಯುವುದು ಹೇಗೆ?

1909ರ ಆಯೋಗಕ್ಕೆ ರಾಕ್‌ಫೆಲ್ಲರ್ ಅವರು ಐದು ವರ್ಷದ ಅವಧಿಗೆ 10 ಲಕ್ಷ ಡಾಲರ್ ಕೊಟ್ಟಿದ್ದರು. ಆಯೋಗ ಅದನ್ನು ಮಾತ್ರೆ ಹಂಚುವುದಕ್ಕೆ ಮಾತ್ರ ಬಳಸಲಿಲ್ಲ. ಊರೂರಿಗೆ ಹೋಗಿ ಡೇರೆ ಹಾಕಿ, ಸೂಕ್ಷ್ಮದರ್ಶಕದಲ್ಲಿ ಹುಳುವಿನ ಮೊಟ್ಟೆಯನ್ನು ಜನರಿಗೇ ತೋರಿಸಿದರು. ಕಕ್ಕಸುಗಳನ್ನು ಕಟ್ಟುವುದನ್ನು ಕಲಿಸಿದರು. ಮುಖ್ಯವಾದುದು ಇನ್ನೊಂದು: ಕೆಲಸವನ್ನು ರಾಜ್ಯದ ಆರೋಗ್ಯ ಇಲಾಖೆಯ ಮೂಲಕವೇ ನಡೆಸಿದರು, ಸ್ಥಳೀಯ ಆಡಳಿತಗಳೂ ಖರ್ಚಿನಲ್ಲಿ ಪಾಲು ಹಾಕಬೇಕೆಂದು ಒತ್ತಾಯಿಸಿದರು. ಪ್ರತಿಷ್ಠಾನದ ಮುಂದಿನ ಆರೋಗ್ಯ ಕಾರ್ಯಗಳಲ್ಲೆಲ್ಲ ಇದೇ ಪದ್ಧತಿ ನಿಂತಿತು. ಮೊದಲ ವರ್ಷಗಳಲ್ಲಿ ನಾವು ಹೆಚ್ಚು ಹಾಕುತ್ತೇವೆ, ಬರಬರುತ್ತ ನೀವು ಹೆಚ್ಚು ಹಾಕಿರಿ, ಕೊನೆಗೆ ಕೆಲಸ ನಿಮ್ಮದೇ ಆಗಲಿ ಎಂಬುದು ಅದರ ಸೂತ್ರ. ಬಾಳೆಗೊನೆಗೆ ಊರೆಗೋಲು ಕೊಡುತ್ತೇವಲ್ಲ, ಹಾಗೆ. ಗೊನೆಯ ಭಾರ ತಡೆಯುವವರೆಗೆ ಕೋಲು ಬೇಕು. ಬೆಳೆಯುವ ಕೆಲಸ ಗಿಡದ್ದೇ.

ನಮ್ಮ ನಾಡಿಗೆ ಬಂದ ಬಗೆ

ಕಲ್ಕತ್ತೆಯ ಅಖಿಲ ಭಾರತ ಆರೋಗ್ಯ ಸಂಸ್ಥೆ 1932ರಲ್ಲಿ ಆರಂಭವಾದಾಗ ಕಟ್ಟಡ, ಸಲಕರಣೆಗಳ ವೆಚ್ಚವನ್ನು ಈ ಪ್ರತಿಷ್ಠಾನ ಕೊಟ್ಟಿತು. ನಡೆಸುವ ವೆಚ್ಚ ಸರಕಾರದ್ದು. 1930ರ ದಶಕದಲ್ಲಿ ಮೈಸೂರು ಸಂಸ್ಥಾನದ ಕ್ಲೋಸ್‌ಪೇಟೆಯಲ್ಲಿ, ಎಂದರೆ ಈಗಿನ ರಾಮನಗರ ಪಟ್ಟಣದಲ್ಲಿ, ಗ್ರಾಮಾರೋಗ್ಯ ಘಟಕವೊಂದು ಇದೇ ಪ್ರತಿಷ್ಠಾನದ ನೆರವಿನಿಂದ ನಡೆಯಿತು. ರೋಗ ಬಂದ ಮೇಲೆ ಔಷಧಿ ಕೊಡುವುದರ ಜೊತೆಗೆ ರೋಗ ಬಾರದಂತೆ ಹಳ್ಳಿಯಲ್ಲಿಯೇ ತಡೆಯುವ ವ್ಯವಸ್ಥೆ ಬೇಕು ಎಂಬ ವಿಚಾರಕ್ಕೆ ಇಂತಹ ಘಟಕಗಳು ದಾರಿ ತೋರಿಸಿದವು. ಇಂದಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೂ ಕಾಣುವುದು ಇದೇ ವಿಚಾರವನ್ನು.

1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತೂ ರಾಕ್‌ಫೆಲ್ಲರ್ ಪ್ರತಿಷ್ಠಾನವೂ ಕೂಡಿ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರವನ್ನು ತೆರೆದವು. ಕೀಟಗಳ ಕಡಿತದಿಂದ ಹರಡುವ ಜ್ವರಗಳನ್ನು ಹುಡುಕುವುದು ಅದರ ಕೆಲಸ. ಐದೇ ವರ್ಷಗಳಲ್ಲಿ ಆ ಕೇಂದ್ರದ ಅಗತ್ಯ ಎಷ್ಟಿತ್ತೆಂಬುದು ತಿಳಿದುಬಂತು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ, ಸೌದೆಗೂ ಸೊಪ್ಪಿಗೂ ಕಾಡಿಗೆ ಹೋಗಿಬಂದವರಿಗೆ ತೀವ್ರವಾದ ಜ್ವರ, ತಲೆನೋವು, ಮೈಕೈ ನೋವು ಬಂದು ಕೆಲವರು ತೀರಿಕೊಂಡರು. ಆಫ್ರಿಕದ ಹಳದಿ ಜ್ವರವೇ ಇಲ್ಲಿಗೆ ಬಂತೋ ಎಂಬ ಭಯ ಮೊದಲು ಹುಟ್ಟಿತು. ಪುಣೆಯ ಕೇಂದ್ರದವರು ರಾಜ್ಯದ ಆರೋಗ್ಯ ಇಲಾಖೆಯವರೊಡನೆ ಕೂಡಿ ಕೆಲಸ ಮಾಡಿದರು. ಇದು ಹಳದಿ ಜ್ವರವಲ್ಲ, ಇದುವರೆಗೆ ಯಾರೂ ಗುರುತಿಸದಿದ್ದ ಹೊಸ ವೈರಸ್ಸು ಎಂದು ಕಂಡುಕೊಂಡರು. ಕಾಡಿನ ಉಣ್ಣೆ, ಎಂದರೆ ಉಣುಗು, ಕಚ್ಚುವುದರಿಂದ ಇದು ಮನುಷ್ಯನಿಗೆ ಬರುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ ಎಂಬುದೂ ತಿಳಿಯಿತು. ಜಗತ್ತಿನ ವೈದ್ಯ ಗ್ರಂಥಗಳಲ್ಲಿ ಇದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಎಂದೇ ಹೆಸರು. ನಮ್ಮ ಬಾಯಲ್ಲಿ ಮಂಗನ ಕಾಯಿಲೆ.

ಇದೇ ಪ್ರತಿಷ್ಠಾನದ ಇನ್ನೊಂದು ಕೈ ಬೇಸಾಯದ ಕಡೆಗಿತ್ತು. 1960ರಲ್ಲಿ ಫಿಲಿಪೈನ್ಸ್ ದೇಶದಲ್ಲಿ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಹುಟ್ಟಿತು. ಜಾಗ ಆ ದೇಶದ್ದು. ಕಟ್ಟಡಕ್ಕೆ ಹಣ ಇನ್ನೊಂದು ಕುಟುಂಬ ಸ್ಥಾಪಿಸಿದ ಫೋರ್ಡ್ ಪ್ರತಿಷ್ಠಾನದ್ದು. ಸಂಶೋಧನೆ ನಡೆಸುವ ಭಾರ ರಾಕ್‌ಫೆಲ್ಲರ್ ಪ್ರತಿಷ್ಠಾನದ್ದು. ಎತ್ತರದ ಹಳೆಯ ತಳಿಗಳಿಗೆ ಗೊಬ್ಬರ ಸ್ವಲ್ಪ ಹೆಚ್ಚಾದರೂ ತೆನೆಯ ಭಾರಕ್ಕೆ ಪೈರು ಮಲಗಿಬಿಡುತ್ತಿತ್ತು. ಅಲ್ಲಿನ ವಿಜ್ಞಾನಿಗಳು ಇಂಡೋನೇಷ್ಯದ ಪೇಟ ಎಂಬ ಎತ್ತರದ ಭತ್ತಕ್ಕೆ ತೈವಾನಿನ ಗಿಡ್ಡ ಭತ್ತವನ್ನು ಕೂಡಿಸಿದರು. ಹೀಗೆ ಬಂದ ಐ.ಆರ್.8 ತಳಿಯನ್ನು 1966ರಲ್ಲಿ ಹೊರಗೆ ಬಿಟ್ಟರು. ನಮ್ಮ ದೇಶದಲ್ಲಿ 1965ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಅಖಿಲ ಭಾರತ ಭತ್ತ ಸುಧಾರಣಾ ಯೋಜನೆ 1968ರಲ್ಲಿ ಜಯ ತಳಿಯನ್ನು ಕೊಟ್ಟಿತು. ಅದರ ತಾಯಿಬೇರಿನಲ್ಲಿಯೂ ಅದೇ ತೈವಾನಿನ ಗಿಡ್ಡ ಗುಣವಿದೆ. ನಮ್ಮ ನಾಲೆಯ ಬಯಲಿನಲ್ಲಿ ಹೆಸರಾದ ಐ.ಆರ್.64 ಸಹ ಫಿಲಿಪೈನ್ಸಿನ ಆ ಸಂಸ್ಥೆಯಲ್ಲಿಯೇ ಹುಟ್ಟಿದ ತಳಿ.

ಈ ಬೀಜದ ಜೊತೆಗೆ ಬಂದ ಖರ್ಚನ್ನೂ ನಾವು ಅದೇ ಪುಟದಲ್ಲಿ ಬರೆಯಬೇಕು. ಗಿಡ್ಡ ತಳಿ ಫಲ ಕೊಡಬೇಕಾದರೆ ನೀರು ಬೇಕು, ಗೊಬ್ಬರ ಬೇಕು. ಐ.ಆರ್.8ಕ್ಕೆ ಕಂದು ಜಿಗಿಹುಳುವಿನ ಬಾಧೆ ಹೆಚ್ಚಾಗಿತ್ತು. ನೀರಾವರಿಯೂ ಕೈಯಲ್ಲಿ ಹಣವೂ ಇದ್ದವನಿಗೆ ಮೊದಲು ಲಾಭವಾಯಿತು. ಮಳೆಯನ್ನೇ ನಂಬಿ ರಾಗಿ ಜೋಳ ಬೆಳೆಯುವವನು ಕಾಯುತ್ತ ಕುಳಿತ. ಕೊಡುವವನು ಯಾವ ಬೆಳೆಗೆ ಕೊಡುತ್ತಾನೋ ಆ ಬೆಳೆಗೆ ಬಲ ಬರುತ್ತದೆ. ಇದು ದತ್ತಿಯ ಹಣದ ಸ್ವಭಾವ.

ಕೋಲು ತೆಗೆದ ಮೇಲೆ

ಈಗ ಪಾಠದ ಮುಖ್ಯ ಭಾಗಕ್ಕೆ ಬರೋಣ. ಪುಣೆಯ ಕೇಂದ್ರಕ್ಕೆ ಕೊಡುತ್ತಿದ್ದ ಸಹಾಯವನ್ನು ರಾಕ್‌ಫೆಲ್ಲರ್ ಪ್ರತಿಷ್ಠಾನ 1967ರಲ್ಲಿ ನಿಲ್ಲಿಸಿತು. ಕೇಂದ್ರ ಮುಚ್ಚಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಅದರ ಭಾರವನ್ನು ಹೊತ್ತುಕೊಂಡಿತು. 1978ರಲ್ಲಿ ಅದು ರಾಷ್ಟ್ರೀಯ ವೈರಾಣು ಸಂಸ್ಥೆ ಎಂಬ ಹೆಸರು ಪಡೆಯಿತು. ಕೊರೋನಾ ಜ್ವರ 2020ರಲ್ಲಿ ಬಂದಾಗ ನಮ್ಮ ದೇಶ ಮೊದಲು ನೋಡಿದ್ದು ಆ ಸಂಸ್ಥೆಯ ಕಡೆಗೇ. ಹೊರಗಿನ ಹಣ ಹಿಂದೆ ಸರಿದಾಗ ಹಿಡಿಯುವ ಕೈ ಸಿದ್ಧವಾಗಿತ್ತು. ಆದುದರಿಂದ ಕೆಲಸ ಉಳಿಯಿತು.

ಆದರೆ ಮಂಗನ ಕಾಯಿಲೆ? ರೋಗದ ಹೆಸರು, ಅದನ್ನು ತರುವ ಉಣ್ಣೆ, ಬರುವ ಕಾಲ ಇವೆಲ್ಲ ಗೊತ್ತಾಗಿ ಅರುವತ್ತು ವರ್ಷಗಳ ಮೇಲಾಯಿತು. ಅದನ್ನು ಗುಣಪಡಿಸುವ ವಿಶೇಷ ಔಷಧಿ ಇಂದಿಗೂ ಇಲ್ಲ. ಹಲವು ವರ್ಷ ಹಾಕುತ್ತಿದ್ದ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು ಕಂಡುಬಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಯ ಕೆಲಸವನ್ನು ಸಂಶೋಧನಾ ಪರಿಷತ್ತು ಕೈಗೆತ್ತಿಕೊಂಡಿದೆ. ಸೊರಬದ ಒಂದು ಕಾಡಿನಲ್ಲಿ ಕಂಡ ಕಾಯಿಲೆ ಈಗ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಮೊದಲಾದ ಜಿಲ್ಲೆಗಳಲ್ಲಿಯೂ ನೆರೆಯ ರಾಜ್ಯಗಳಲ್ಲಿಯೂ ಕಾಣಿಸಿಕೊಂಡಿದೆ. ಜ್ವರ ಹಿಡಿದವರಲ್ಲಿ ನೂರಕ್ಕೆ ಮೂವರಿಂದ ಐವರವರೆಗೆ ಸಾಯುತ್ತಾರೆ. ಅವರು ಅಡಕೆ ತೋಟದ ಕೂಲಿಗಳು, ದನ ಮೇಯಿಸುವವರು, ಸೌದೆ ಹೊರುವ ಹೆಂಗಸರು.

ಇದರಿಂದ ತಿಳಿಯುವುದೇನು? ದತ್ತಿಯ ಹಣ ಬಾಗಿಲು ತೆರೆಯಬಲ್ಲುದು. ಬಾಗಿಲೊಳಗೆ ಹೋಗಿ ಮನೆ ನಡೆಸುವ ಕೆಲಸ ಸರಕಾರದ್ದು ಮತ್ತು ಊರಿನದು. ಆ ಕೆಲಸದಲ್ಲಿ ನಮ್ಮ ಕೈಯಲ್ಲಿರುವಷ್ಟನ್ನು ಇಲ್ಲಿ ಬರೆದಿದೆ. ಕಾಡಿನಂಚಿನ ಊರಿನವರು ಡಿಸೆಂಬರಿನಿಂದ ಮೇ ತಿಂಗಳು ಮುಗಿಯುವವರೆಗೆ ಇದನ್ನು ತಪ್ಪದೆ ನಡೆಸಬೇಕು.

1. ಕಾಡಿಗೆ ಹೋಗುವಾಗ ಮೈ, ಕೈ, ಕಾಲು ಮುಚ್ಚುವ ಬಟ್ಟೆ ಹಾಕಿರಿ. ಉಣ್ಣೆ ಹತ್ತದಂತೆ ತಡೆಯುವ ಎಣ್ಣೆಯನ್ನು ಆರೋಗ್ಯ ಕೇಂದ್ರದಲ್ಲಿ ಕೇಳಿ ಪಡೆದು ಹಚ್ಚಿಕೊಳ್ಳಿರಿ.

2. ಮನೆಗೆ ಬಂದೊಡನೆ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿರಿ. ಹಾಕಿದ್ದ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ ಒಗೆಯಿರಿ.

3. ಸತ್ತ ಮಂಗವನ್ನು ಕಂಡರೆ ಮುಟ್ಟಬೇಡಿರಿ. ಕೂಡಲೆ ಗ್ರಾಮ ಪಂಚಾಯಿತಿಗೂ ಆರೋಗ್ಯ ಕೇಂದ್ರಕ್ಕೂ ಸುದ್ದಿ ಕೊಡಿರಿ. ಮಂಗ ಸತ್ತ ಜಾಗದ ಸುತ್ತ ಓಡಾಡಬೇಡಿರಿ.

4. ಈ ತಿಂಗಳುಗಳಲ್ಲಿ ಕಾಡಿನ ತರಗೆಲೆಯನ್ನು ಕೊಟ್ಟಿಗೆಗೆ ತಂದು ರಾಶಿ ಹಾಕಬೇಡಿರಿ. ದನಕ್ಕೆ ಈ ಕಾಯಿಲೆ ಬಾರದಿದ್ದರೂ ಅದರ ಮೈಮೇಲೆ ಉಣ್ಣೆ ಊರಿಗೆ ಬರುತ್ತದೆ. ಪಶುವೈದ್ಯರನ್ನು ಕೇಳಿ ಉಣ್ಣೆ ನಾಶದ ಔಷಧಿ ಹಾಕಿಸಿರಿ.

5. ಕಾಡಿಗೆ ಹೋಗಿ ಬಂದವರಿಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಮನೆಮದ್ದು ಮಾಡುತ್ತ ದಿನ ಕಳೆಯಬೇಡಿರಿ. ರಕ್ತಪರೀಕ್ಷೆ ಬೇಗ ಆದಷ್ಟೂ ಪ್ರಾಣ ಉಳಿಯುವ ಸಂಭವ ಹೆಚ್ಚು.

ನಿಮ್ಮ ಊರಿಗೆ ಸಹಾಯಧನ ಬಂದರೆ

ಯಾವುದೋ ಪ್ರತಿಷ್ಠಾನದವರು ನಮ್ಮ ವಲಯದ ಊರುಗಳಿಗೂ ಒಂದಲ್ಲ ಒಂದು ದಿನ ಬರುತ್ತಾರೆ. ಕೆರೆಯ ಹೂಳೆತ್ತುತ್ತೇವೆ, ಶುದ್ಧ ನೀರಿನ ಘಟಕ ಹಾಕುತ್ತೇವೆ, ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತೇವೆ ಎನ್ನುತ್ತಾರೆ. ಸಂತೋಷದಿಂದ ಕರೆದು ಕೂರಿಸಿರಿ. ಆಮೇಲೆ ಗ್ರಾಮಸಭೆಯಲ್ಲಿ ಎಲ್ಲರೆದುರಿಗೆ ಈ ಪ್ರಶ್ನೆಗಳನ್ನು ಕೇಳಿರಿ.

ಹಣ ಎಷ್ಟು ವರ್ಷ ಬರುತ್ತದೆ? ಅದರಲ್ಲಿ ಊರಿನ ಪಾಲು ಹಣದಲ್ಲೋ, ಶ್ರಮದಾನದಲ್ಲೋ? ಈ ಕೆಲಸ ಊರಿಗೆ ಬೇಕೆಂದು ಹೇಳಿದವರು ಯಾರು, ಊರಿನವರೋ ಅವರೋ? ಕಟ್ಟಿದ್ದು ಕೆಟ್ಟರೆ ರಿಪೇರಿಗೆ ಯಾರು ಕೊಡುತ್ತಾರೆ? ಅವರು ಹೋದ ಮೇಲೆ ವಿದ್ಯುತ್ ಬಿಲ್ಲು ಯಾರ ಹೆಸರಿನಲ್ಲಿರುತ್ತದೆ? ಜಾಗ ಪಂಚಾಯಿತಿಯ ಹೆಸರಿನಲ್ಲಿರುತ್ತದೆಯೋ ಬೇರೆಯವರ ಹೆಸರಿನಲ್ಲಿರುತ್ತದೆಯೋ? ಕೇರಿಯ ಕೊನೆಯ ಮನೆಯವರಿಗೂ ಇದರ ಪ್ರಯೋಜನ ಸಿಗುತ್ತದೆಯೇ?

ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿರಿ. ಇದನ್ನು ಕೇಳಿದರೆ ಕೊಡುವವರು ಮುನಿಸಿಕೊಂಡು ಹೋಗುತ್ತಾರೆಂಬ ಅಂಜಿಕೆ ಬೇಡ. ಒಳ್ಳೆಯ ಪ್ರತಿಷ್ಠಾನ ಇಂತಹ ಪ್ರಶ್ನೆ ಕೇಳುವ ಊರನ್ನೇ ಹುಡುಕುತ್ತದೆ. ರಿಪೇರಿಯ ವಿಷಯ ಯೋಚಿಸಿದ ಊರಿನಲ್ಲಿ ತನ್ನ ಹಣ ಹಾಳಾಗುವುದಿಲ್ಲವೆಂದು ಅದಕ್ಕೆ ಗೊತ್ತು.

ಹಣ ಬಂದ ಮೇಲೆ ಮೂರು ನಿಯಮಗಳು. ಒಂದು: ಹಣ ಸಂಘದ ಬ್ಯಾಂಕ್ ಖಾತೆಗೇ ಬರಬೇಕು, ತೆಗೆಯಲು ಇಬ್ಬರ ಸಹಿ ಬೇಕು. ಎರಡು: ಖರ್ಚಿನ ಪ್ರತಿಯೊಂದು ರಸೀದಿಯನ್ನೂ ದಿನಾಂಕದ ಪ್ರಕಾರ ಜೋಡಿಸಿಡಬೇಕು, ಜಮಾ ಖರ್ಚನ್ನು ತಿಂಗಳಿಗೊಮ್ಮೆ ಪಂಚಾಯಿತಿಯ ಫಲಕದ ಮೇಲೆ ಬರೆಯಬೇಕು. ಮೂರು: ಹಣ ಇನ್ನೂ ಬರುತ್ತಿರುವಾಗಲೇ ಪ್ರತಿ ಮನೆಯಿಂದ ಸ್ವಲ್ಪ ಸ್ವಲ್ಪ ವಂತಿಗೆ ಎತ್ತಿ ರಿಪೇರಿಯ ನಿಧಿಯೊಂದನ್ನು ಬೇರೆ ಇಡಬೇಕು. ಇದೇ ನಮ್ಮ ಹೊಸ ಕೆರೆಗೊಡಗೆ.

ಕಾನೂನಿನ ಒಂದು ಮಾತನ್ನೂ ತಿಳಿದಿರಿ. ಹೊರದೇಶದ ಹಣವನ್ನು ಯಾವ ಸಂಘವೂ ತಾನಾಗಿ ಪಡೆಯುವಂತಿಲ್ಲ. ಅದಕ್ಕೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆಯ ಪ್ರಕಾರ ಕೇಂದ್ರ ಸರಕಾರದ ನೋಂದಣಿ ಅಥವಾ ಅನುಮತಿ ಬೇಕು. 2020ರ ತಿದ್ದುಪಡಿಯ ಮೇಲೆ, ಒಂದು ಸಂಸ್ಥೆ ಹೀಗೆ ಪಡೆದ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತೆಯೂ ಇಲ್ಲ. ಆದುದರಿಂದ ನಿಮ್ಮ ಯುವಕ ಮಂಡಲದ ಖಾತೆಗೆ ಹೊರದೇಶದ ಹಣ ಹಾಕಿಸುತ್ತೇನೆಂದು ಯಾರಾದರೂ ಹೇಳಿದರೆ ಒಪ್ಪುವ ಮೊದಲು ತಾಲ್ಲೂಕು ಕಚೇರಿಗೆ ಬಂದು ವಿಚಾರಿಸಿರಿ.

ಯುವಕ ಮಂಡಲ, ಮಹಿಳಾ ಸಮಾಜಗಳಲ್ಲಿ ಚರ್ಚಿಸಲು

1. ನಮ್ಮ ಊರಿನಲ್ಲಿ ಹಿಂದೆ ಬಿಟ್ಟ ದತ್ತಿಯ ಜಮೀನು ಯಾವುದಾದರೂ ಇದೆಯೇ? ಅದರ ಹುಟ್ಟುವಳಿ ಈಗ ಯಾರಿಗೆ, ಯಾವ ಕೆಲಸಕ್ಕೆ ಹೋಗುತ್ತಿದೆ?

2. ಕಳೆದ ಹತ್ತು ವರ್ಷಗಳಲ್ಲಿ ಊರಿಗೆ ಹೊರಗಿನ ಸಹಾಯದಿಂದ ಬಂದ ಕೆಲಸಗಳು ಯಾವುವು? ಅವುಗಳಲ್ಲಿ ಇಂದು ನಡೆಯುತ್ತಿರುವುವು ಎಷ್ಟು? ನಿಂತುಹೋದವು ಏಕೆ ನಿಂತವು?

3. ಈ ವರ್ಷ ಊರಿಗೆ ಒಂದೇ ಒಂದು ಸಹಾಯಧನ ಸಿಗುವುದಾದರೆ ಯಾವ ಕೆಲಸಕ್ಕೆ ಕೇಳಬೇಕು? ಅದರಲ್ಲಿ ನಮ್ಮ ಪಾಲು ಏನು?

ಎರಡನೆಯ ಪ್ರಶ್ನೆಯ ಉತ್ತರವನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟರೆ ಎಲ್ಲ ಊರುಗಳ ಉತ್ತರಗಳನ್ನೂ ಒಟ್ಟುಗೂಡಿಸಿ ಈ ಪತ್ರಿಕೆಯಲ್ಲಿ ಅಚ್ಚು ಹಾಕಿಸೋಣ. ಒಂದು ಊರಿನಲ್ಲಿ ಪಂಪು ನಿಂತದ್ದು ಏಕೆಂದು ತಿಳಿದರೆ ಪಕ್ಕದ ಊರಿನ ಪಂಪು ನಿಲ್ಲದಂತೆ ನೋಡಿಕೊಳ್ಳಬಹುದು.

ನಿಮ್ಮ ಗ್ರಾಮಸೇವಕ